ಉಮ್ಮನಿಗೆ ಪರೀಕ್ಷೆ ಬೇಡ, ಕೈಗೆ ನೆನಪಿದೆ

ಬ್ರಹ್ಮಾವರ ಕಡೆಯ ಸೊಸೆಯೊಬ್ಬರು ಅತ್ತೆಯನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದಿದ್ದರು. "ಡಾಕ್ಟ್ರೇ, ಮಾಮಿ ಬೇಕೆಂದೇ ಹೀಗೆ ಮಾಡುತ್ತಾರಾ? ಅಸರ್ ನಮಾಝ್ ಮುಗಿಸಿ ಐದು ನಿಮಿಷವಾಗಿರುವುದಿಲ್ಲ, ಮತ್ತೆ ವುಝೂ ಮಾಡಲು ಹೊರಡುತ್ತಾರೆ. ಆಯಿತಲ್ಲ ಮಾಮಿ ಎಂದರೆ ಜಗಳ. ಇವರ ಮಗ ದುಬೈಯಲ್ಲಿದ್ದಾರೆ. ಫೋನಿನಲ್ಲಿ ಎರಡು ನಿಮಿಷ ಮಾತಾಡುವಾಗ ಉಮ್ಮ ಚೆನ್ನಾಗಿಯೇ ಇರುತ್ತಾರಂತೆ. ನಾನು ಹೇಳಿದ್ದನ್ನು ಯಾರೂ ನಂಬುವುದಿಲ್ಲ" ಎಂದು ಕಣ್ಣೀರು ಹಾಕಿದರು.

ಬೇಕೆಂದೇ ಮಾಡುವುದಲ್ಲ. ಇದು ಡಿಮೆನ್ಶಿಯಾ, ಮರೆಗುಳಿ ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ನಾವು 'ಅರುವತ್ತಕ್ಕೆ ಅರಳು ಮರಳು' ಎಂದು ನಕ್ಕು ಸುಮ್ಮನಾಗುತ್ತೇವೆ. ಎರಡು ನಿಮಿಷ ಅತಿಥಿಗಳೆದುರು ಸರಿಯಾಗಿ ಮಾತಾಡುವುದೂ ಈ ಕಾಯಿಲೆಯಲ್ಲಿ ಸಾಮಾನ್ಯ. ಊರಿಂದ ದೂರವಿರುವ ಗಂಡುಮಕ್ಕಳು ಇದನ್ನು ತಿಳಿದಿರಬೇಕು.

ಅಲ್‌ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹೊಸ ಘಟನೆಗಳ ನೆನಪು. ಬೆಳಿಗ್ಗೆ ಏನು ತಿಂದೆ, ಯಾರು ಬಂದರು ಎಂಬುದು ಅಳಿಸಿಹೋಗುತ್ತದೆ. ಆದರೆ ಕೈಕಾಲಿಗೆ ರೂಢಿಯಾದ ಕೆಲಸಗಳ ನೆನಪು ಮೆದುಳಿನ ಬೇರೆ ಭಾಗದಲ್ಲಿದ್ದು, ಬಹಳ ಕಾಲ ಉಳಿಯುತ್ತದೆ. ಎಪ್ಪತ್ತು ವರ್ಷ ವುಝೂ ಮಾಡಿದ ಕೈ ಅದನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಕಲಿಸುವುದಿದ್ದರೆ ಈ ಕೈಯ ದಾರಿಯಿಂದಲೇ ಕಲಿಸಬೇಕು.

ಆದ್ದರಿಂದ "ಮುಂದೇನು ಉಮ್ಮ? ನೆನಪು ಮಾಡಿಕೊಳ್ಳಿ" ಎಂದು ಪರೀಕ್ಷೆ ಮಾಡಬೇಡಿ. ತಪ್ಪು ಉತ್ತರ ಹೇಳಿದರೆ ಆ ತಪ್ಪೇ ಅವರಲ್ಲಿ ಊರಿಬಿಡುತ್ತದೆ. ತಪ್ಪಾಗುವ ಮೊದಲೇ ದಾರಿ ತೋರಿಸಿ. ಎದುರು ನಿಂತು ನೀವೂ ವುಝೂ ಮಾಡಿ, ತಂಬಿಗೆಯನ್ನು ಅವರ ಕೈಗೆ ಕೊಡಿ, ಒಮ್ಮೆಗೆ ಒಂದೇ ಮಾತು ಹೇಳಿ. ನಿಂತಲ್ಲಿ ಮೊಣಕೈಯನ್ನು ಮೆಲ್ಲನೆ ಮುಟ್ಟಿದರೂ ಸಾಕು, ಉಳಿದದ್ದು ತಾನಾಗಿ ಮುಂದುವರಿಯಬಹುದು. ಕೆಲವು ದಿನಗಳ ಬಳಿಕ ಸಹಾಯವನ್ನು ಒಂದೊಂದೇ ಹೆಜ್ಜೆ ಕಡಿಮೆ ಮಾಡಿ.

ಹೊಸದೊಂದು ಸಣ್ಣ ವಿಷಯ ಕಲಿಸಲೂ ಉಪಾಯವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಮರನ್ ಕ್ಯಾಂಪ್ ಇದನ್ನು ಮರೆಗುಳಿ ಕಾಯಿಲೆಯವರಿಗೆ ಅಳವಡಿಸಿದರು. ಆ ಸೊಸೆಗೂ ನಾನು ಇದನ್ನೇ ಹೇಳಿಕೊಟ್ಟೆ. ಗೋಡೆಗೆ ಒಂದು ಬೋರ್ಡ್ ತೂಗುಹಾಕಿ, ನಮಾಝ್ ಆದೊಡನೆ ಉಮ್ಮನ ಕೈಯಿಂದಲೇ ಗುರುತು ಹಾಕಿಸಿ. ಬಳಿಕ "ನಮಾಝ್ ಆಯಿತೋ ಎಂದು ತಿಳಿಯಲು ಬೋರ್ಡ್ ನೋಡಬೇಕು" ಎಂದು ಹೇಳಿ, ಕೂಡಲೇ "ಎಲ್ಲಿ ನೋಡಬೇಕು?" ಎಂದು ಕೇಳಿ. ಉತ್ತರ ಈಗಷ್ಟೇ ಕೊಟ್ಟಿರುವುದರಿಂದ ಇದು ಪರೀಕ್ಷೆಯಲ್ಲ. ಸರಿ ಹೇಳಿದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಒಂದು ನಿಮಿಷಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಎಂಟಕ್ಕೆ ಕೇಳಿ. ನಡುವೆ ಬೇರೆ ಮಾತಾಡುತ್ತಿರಿ. ತಪ್ಪಿದರೆ ಬೈಯದೆ ಸರಿ ಉತ್ತರ ಹೇಳಿ, ಹಿಂದೆ ಸರಿಯಾದ ಅಂತರಕ್ಕೆ ಮರಳಿ. ಎಲ್ಲರಿಗೂ ಇದು ಫಲಿಸುವುದಿಲ್ಲ. ಕಾಯಿಲೆ ಆರಂಭದ ಅಥವಾ ಮಧ್ಯದ ಹಂತದಲ್ಲಿದ್ದರೆ ಪ್ರಯತ್ನಿಸಬಹುದು. ಮಾತನ್ನು ಬಾಲ್ಯದ ಭಾಷೆಯಲ್ಲೇ ಆಡಿ. ಬ್ಯಾರಿ, ನವಾಯತಿ, ಉರ್ದು, ಯಾವುದಿದ್ದರೂ ಮೊದಲು ಕಲಿತ ಭಾಷೆ ಹೆಚ್ಚಾಗಿ ಕೊನೆಯವರೆಗೆ ಉಳಿಯುತ್ತದೆ.

ರಕಅತ್ ತಪ್ಪಿತೆಂದು ಸಾಲಿನಲ್ಲಿ ಎಲ್ಲರೆದುರು ಗದರುವವರಿದ್ದಾರೆ. ಬುದ್ಧಿ ಸ್ಥಿಮಿತ ಕಳೆದುಕೊಂಡವರ ಮೇಲೆ ಶರೀಅತ್ ಹೊಣೆ ಹೊರಿಸುವುದಿಲ್ಲ. ನಿಮ್ಮ ಮನೆಯವರ ಸ್ಥಿತಿಗೆ ಏನು ನಿಯಮವೆಂದು ಉಲಮಾಗಳಲ್ಲಿ ಕೇಳಿ. ವೃದ್ಧ ತಂದೆತಾಯಿಯರ ಮುಂದೆ ಬೇಸರದ ಉದ್ಗಾರವನ್ನೂ ತೆಗೆಯಬಾರದೆಂದು ಸೂರಃ ಅಲ್ ಇಸ್ರಾದಲ್ಲಿ ತಾಕೀತು ಮಾಡಲಾಗಿದೆ. ಆದರೆ ಆ ತಾಕೀತು ಮಕ್ಕಳಿಗೆ. ಹೊರೆಯೆಲ್ಲ ಸೊಸೆಯ ಮೇಲೆ ಹಾಕಿ ಮಗ ತಿಂಗಳಿಗೊಮ್ಮೆ ಹಣ ಕಳುಹಿಸಿದರೆ ಕೆಲಸ ಮುಗಿಯುವುದಿಲ್ಲ. ಅವರಿಗೂ ವಾರಕ್ಕೆ ಅರ್ಧ ದಿನವಾದರೂ ಬಿಡುವು ಬೇಕು, ಆ ಹೊತ್ತು ಮಗಳೋ ಇನ್ನೊಬ್ಬ ಮಗನೋ ಕೂರಲಿ.

ಕೂಗಾಟ, ಹೊಡೆತ, ಓಡಾಟ ಶುರುವಾದರೆ ಕಾರಣ ಹುಡುಕಿ. ಯುನಾನಿಯಲ್ಲಿ ನಾವು ಮೊದಲ ವರ್ಷವೇ ಕಲಿಯುವ 'ಅಸ್ಬಾಬೆ ಸಿತ್ತ ಝರೂರಿಯ' ಎಂಬ ಆರು ವಿಷಯಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಮಲಮೂತ್ರ. ಸೆಕೆಯಾಗಿದೆಯೇ? ಬಾಯಾರಿದೆಯೇ? ಮೂರು ದಿನದಿಂದ ಮಲಬದ್ಧತೆಯೇ? ಮಗ್ರಿಬ್ ಹೊತ್ತಿಗೆ ಗಲಿಬಿಲಿ ಹೆಚ್ಚುತ್ತಿದ್ದರೆ ಅದಾನಿಗೆ ಮೊದಲೇ ದೀಪ ಹಾಕಿ, ಅಸರ್ ನಂತರ ಚಹಾ ಬೇಡ. ತೀರಿಹೋದ ಬಾಪನನ್ನು ಕೇಳಿದರೆ ವಾದಕ್ಕಿಳಿಯದೆ, ಸುಳ್ಳೂ ಹೇಳದೆ, ಅವರ ಹಳೆಯ ವಿಷಯ ತೆಗೆದು ಮಾತಾಡಿ. ಕೈಗೆ ಮೊರದಲ್ಲಿ ಅಕ್ಕಿಯೋ, ಸಿಪ್ಪೆ ತೆಗೆಯಲು ಬೆಳ್ಳುಳ್ಳಿಯೋ, ತಸ್ಬೀಹ್ ಮಾಲೆಯೋ ಕೊಡಿ. ಒಂದೆರಡು ದಿನಗಳಲ್ಲಿ ಥಟ್ಟನೆ ಗೊಂದಲ ಹೆಚ್ಚಾದರೆ ಮಾತ್ರ ಮನೆಯಲ್ಲಿ ಕಾಯಬೇಡಿ. ಅದು ಮೂತ್ರದ ಸೋಂಕು ಅಥವಾ ಬೇರೆ ಕಾಯಿಲೆಯಿಂದಾಗಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

"ಖಮೀರ ಕೊಡಿ ಡಾಕ್ಟ್ರೇ, ಸರಿಯಾಗುತ್ತಾರಲ್ಲ?" ಎಂದು ಕೇಳುತ್ತಾರೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಹೋದ ನೆನಪನ್ನು ಮರಳಿಸುವ ಔಷಧ ನನ್ನ ಕಪಾಟಿನಲ್ಲಿಲ್ಲ. ಖಮೀರದಲ್ಲಿ ಸಕ್ಕರೆ ತುಂಬಾ ಇರುವುದರಿಂದ ಮಧುಮೇಹಿಗಳಿಗೆ ನೀವಾಗಿ ಕೊಡಬೇಡಿ. ಮೊದಲು ಥೈರಾಯ್ಡ್, ಬಿ12 ರಕ್ತ ಪರೀಕ್ಷೆ ಮಾಡಿಸಿ, ಕಿವಿ ಮತ್ತು ಕಣ್ಣು ತೋರಿಸಿ. ಕೆಲವರ ಮರೆವು ಇಷ್ಟರಿಂದಲೇ ಸುಧಾರಿಸುತ್ತದೆ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ನರರೋಗ ಮತ್ತು ಮನೋರೋಗ ವಿಭಾಗಗಳಿವೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮ ಊರುಗಳ ನಡುವೆ ಹೆದ್ದಾರಿ ಹಾದುಹೋಗುತ್ತದೆ, ಒಂದು ಕಡೆ ಕಡಲು, ಅಂಗಳದಲ್ಲಿ ಬಾವಿ. ಬಾವಿಗೆ ಬಲೆ ಹಾಕಿಸಿ, ಹೊರಬಾಗಿಲಿಗೆ ಗಂಟೆ ಕಟ್ಟಿ. ಹೆಸರು ಮತ್ತು ಮನೆಯ ಫೋನ್ ನಂಬರನ್ನು ಬಟ್ಟೆಯ ಒಳಗೆ ಹೊಲಿಯಿರಿ. ನೆರೆಹೊರೆಯವರಿಗೂ ಮಸೀದಿಯವರಿಗೂ ನಾಚಿಕೆಯಿಲ್ಲದೆ ತಿಳಿಸಿಡಿ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿಮಾನಸ್ 14416. ಆರೈಕೆ ಮಾಡಿ ಸೋತವರೂ ಎರಡನೆಯ ನಂಬರಿಗೆ ಕರೆಮಾಡಬಹುದು.