ಜಠರದ ಗಡ್ಡೆಯಿಂದ ರಕ್ತಸ್ರಾವ: ಕಪ್ಪು ಮಲವನ್ನು ಕಡೆಗಣಿಸಬೇಡಿ



ಜಠರದಲ್ಲಿ ಗಡ್ಡೆ ಇದೆ ಎಂದ ಕೂಡಲೇ ಕ್ಯಾನ್ಸರ್ ಎಂದು ಹೆದರಬೇಡಿ. ಪಾಲಿಪ್, ಲಿಯೋಮಯೋಮ ಎಂಬ ಸ್ನಾಯುಗಡ್ಡೆ, ಲೈಪೋಮ ಎಂಬ ಕೊಬ್ಬಿನ ಗಡ್ಡೆ, ಇವು ಕ್ಯಾನ್ಸರ್ ಅಲ್ಲ. ಆದರೆ ಇವುಗಳ ಮೇಲ್ಪೊರೆ ಸವೆದು ಹುಣ್ಣಾದರೆ ರಕ್ತ ಸೋರುತ್ತದೆ. ಅದು ಪ್ರಾಣಕ್ಕೂ ಅಪಾಯ ತರಬಹುದು.

ಲಕ್ಷಣಗಳೇನು?
* ಡಾಂಬರಿನಂತೆ ಕಪ್ಪಾದ, ಅಂಟಾದ, ದುರ್ವಾಸನೆಯ ಮಲ. ಜಠರದ ರಕ್ತ ಜೀರ್ಣವಾಗಿ ಕಪ್ಪಾಗುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಸಂಶಯವಿದ್ದರೆ ವೈದ್ಯರಿಗೆ ತೋರಿಸಿ.
* ರಕ್ತವಾಂತಿ, ಅಥವಾ ಕಾಫಿ ಗಷ್ಟಿನಂತಹ ವಾಂತಿ.
* ಸುಸ್ತು, ಏದುಸಿರು, ತಲೆಸುತ್ತು. ರಕ್ತ ನಿಧಾನವಾಗಿ ಸೋರಿದರೆ ಮಲದ ಬಣ್ಣ ಬದಲಾಗದೆ ರಕ್ತಹೀನತೆ ಮಾತ್ರ ಕಾಣಬಹುದು.

ರಕ್ತವಾಂತಿ, ಕಪ್ಪು ಮಲ, ತಣ್ಣನೆಯ ಬೆವರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮುಳ್ಳೂರು ಸುತ್ತಿನವರು 108ಕ್ಕೆ ಕರೆ ಮಾಡಿ ಕೂಡಲೇ ಹತ್ತಿರದ ಆಸ್ಪತ್ರೆಗೆ ಬನ್ನಿ. ದಾರಿಯಲ್ಲಿ ಊಟ, ಎಳನೀರು ಏನನ್ನೂ ಕೊಡಬೇಡಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತನ್ನಿ.

ಪತ್ತೆ ಹೇಗೆ?
ಮೊದಲು ನಾಡಿ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಗುಂಪು ನೋಡುತ್ತಾರೆ. ಗ್ಲೂಕೋಸ್ ಬಾಟಲಿಯಂತೆ ಕಾಣುವ ಸಲೈನ್, ಆಮ್ಲ ತಗ್ಗಿಸುವ ಇಂಜೆಕ್ಷನ್, ಅಗತ್ಯವಿದ್ದರೆ ರಕ್ತ ಕೊಡುತ್ತಾರೆ. ಬಳಿಕ ಎಂಡೋಸ್ಕೋಪಿ. ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ರಕ್ತ ಸೋರುವ ಜಾಗವನ್ನು ನೇರವಾಗಿ ನೋಡುತ್ತಾರೆ. ಗಂಟಲಿಗೆ ಮರಗಟ್ಟುವ ಔಷಧಿ ಹಾಕುವುದರಿಂದ ಹೆಚ್ಚು ನೋವಾಗದು. ಗಡ್ಡೆ ಪೊರೆಯ ಒಳಗಿದ್ದರೆ ಮೇಲಿನ ಚೂರಿನಿಂದ ತಿಳಿಯದು, ಸಿ.ಟಿ. ಸ್ಕ್ಯಾನ್ ಅಥವಾ ಎಂಡೋಸ್ಕೋಪಿ ಮೂಲಕವೇ ಮಾಡುವ ಅಲ್ಟ್ರಾಸೌಂಡ್ ಬೇಕಾಗುತ್ತದೆ.

ಚಿಕಿತ್ಸೆ ಏನು?
ಎಂಡೋಸ್ಕೋಪಿಯಲ್ಲೇ ಇಂಜೆಕ್ಷನ್, ಕ್ಲಿಪ್ ಅಥವಾ ಶಾಖದಿಂದ ರಕ್ತ ನಿಲ್ಲಿಸಬಹುದು. ಪಾಲಿಪನ್ನು ತಂತಿಯ ಕುಣಿಕೆ ಹಾಕಿ ತೆಗೆಯಬಹುದು. ದೊಡ್ಡ ಗಡ್ಡೆಯಾದರೆ, ರಕ್ತ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಸಾಮಾನ್ಯವಾಗಿ ಇಡೀ ಜಠರ ತೆಗೆಯುವುದಿಲ್ಲ. ಗಡ್ಡೆಯಿರುವ ಭಾಗವನ್ನಷ್ಟೇ ತೆಗೆಯುತ್ತಾರೆ.

ಮನೆಗೆ ಹೋದ ಮೇಲೆ
1. ಬಯಾಪ್ಸಿ ವರದಿಯನ್ನು ತಪ್ಪದೆ ಪಡೆದು ವೈದ್ಯರಿಗೆ ತೋರಿಸಿ. ರಕ್ತ ನಿಂತಿತೆಂದು ಬಿಡಬೇಡಿ. ಜಿಸ್ಟ್ ಎಂಬ ಗಡ್ಡೆ ನೋಡಲು ಸ್ನಾಯುಗಡ್ಡೆಯಂತೆಯೇ ಇರುತ್ತದೆ, ಆದರೆ ಕೆಲವೊಮ್ಮೆ ಹರಡುತ್ತದೆ. ಇದನ್ನು ಹೇಳುವುದು ವರದಿಯೇ.
2. ಗದ್ದೆ ಕೆಲಸದ ಮೈಕೈ ನೋವಿಗೆ ಅಂಗಡಿಯಿಂದ ತಂದ ಮಾತ್ರೆ ನುಂಗಬೇಡಿ. ಅದರಿಂದ ರಕ್ತ ಮತ್ತೆ ಸೋರಬಹುದು.
3. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಿ.
4. ಬೀಡಿ, ಸಿಗರೇಟು, ಮದ್ಯ ಬಿಡಿ.

ಸಂಶಯಗಳಿದ್ದರೆ ವಾರ್ಡಿನ ಶುಶ್ರೂಷಕಿಯರನ್ನು ಸಂಕೋಚವಿಲ್ಲದೆ ಕೇಳಿರಿ.