ಹಿಂದಿನ ಸೀಟಿನಿಂದ ಕಂಡ ಗಡಿ

ಎರಡನೆಯ ಮಹಾಯುದ್ಧದ ಬಳಿಕ ಇಬ್ಭಾಗವಾದ ಜರ್ಮನಿಯ ನಡುವೆ ಸುಮಾರು 1,400 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ್ದ ಗಡಿಯನ್ನು ಇತಿಹಾಸದ ಪುಸ್ತಕಗಳು ಮುಳ್ಳುತಂತಿ, ನೆಲಬಾಂಬು, ಕಾವಲುಗೋಪುರಗಳ ಲೆಕ್ಕದಲ್ಲಿ ವಿವರಿಸುತ್ತವೆ. ಚಿಕ್ಕಂದಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಅದನ್ನು ದಾಟಿದವರು ಮಾತ್ರ, ಠಾಣೆ ಹತ್ತಿರವಾದಂತೆ ಅಪ್ಪ ಅಮ್ಮ ಮಾತು ನಿಲ್ಲಿಸಿ, ಮಕ್ಕಳನ್ನೂ ಸುಮ್ಮನಿರಿಸುತ್ತಿದ್ದುದನ್ನು ಮೊದಲು ನೆನೆಯುತ್ತಾರೆ. ಆ ಮೌನ ಹುಟ್ಟುತ್ತಿದ್ದ ಬಗೆಯನ್ನು ಅರಿಯಲು ಠಾಣೆಗಳ ಕಾರ್ಯವಿಧಾನವನ್ನೇ ನೋಡಬೇಕಾಗುತ್ತದೆ.

ಪಶ್ಚಿಮ ಬರ್ಲಿನ್ ನಗರವು ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯ ಒಡಲಲ್ಲಿ ನಡುಗಡ್ಡೆಯಂತಿದ್ದುದರಿಂದ, ಪಶ್ಚಿಮ ಜರ್ಮನಿಯಿಂದ ರಸ್ತೆಯ ಮೂಲಕ ಅಲ್ಲಿಗೆ ಹೋಗುವವರು ಪೂರ್ವದ ನೆಲವನ್ನು ಹಾದೇ ಹೋಗಬೇಕಿತ್ತು. ನಿಗದಿತ ಹೆದ್ದಾರಿಯನ್ನು ಬಿಟ್ಟು ಅತ್ತಿತ್ತ ತಿರುಗದೆ ಸಾಗಬೇಕಿದ್ದ ಈ ಪಯಣಕ್ಕೆ ‘ಟ್ರಾನ್ಸಿಟ್’ ಎಂದು ಹೆಸರು. ಅದರ ಅತಿದೊಡ್ಡ ಹೆಬ್ಬಾಗಿಲಾಗಿದ್ದ ಮರಿಯೆನ್‌ಬೋರ್ನ್ ಠಾಣೆಯಲ್ಲಿ ಪ್ರಯಾಣಿಕರು ಒಂದು ಗೂಡಿನ ಕಿಟಕಿಯಲ್ಲಿ ಪಾಸ್‌ಪೋರ್ಟ್ ಕೊಟ್ಟೊಡನೆ, ಅವು ಮುಚ್ಚಿದ ಕನ್ವೇಯರ್ ಪಟ್ಟಿಯ ಮೇಲೆ ಕಣ್ಮರೆಯಾಗಿ ಮುಂದಿನ ಗೂಡನ್ನು ಸೇರುತ್ತಿದ್ದವು. ಕಾರು ಅದರ ಪಕ್ಕದಲ್ಲೇ ಅಡಿಯಡಿಯಾಗಿ ತೆವಳುತ್ತಿತ್ತು. ಮನೆಯಲ್ಲಿ ಎಲ್ಲವನ್ನೂ ತೀರ್ಮಾನಿಸುವ ಹಿರಿಯರ ಕೈಯಲ್ಲಿ ಆ ಹೊತ್ತು ಏನೂ ಉಳಿದಿಲ್ಲವೆಂಬುದು ಎಷ್ಟು ಚಿಕ್ಕ ಮಗುವಿಗೂ ತಿಳಿಯುವಂತಿತ್ತು. ಅಧಿಕಾರಿಗಳು ಗಡಿಪಡೆಯ ಸಮವಸ್ತ್ರದಲ್ಲಿದ್ದರೂ ಪಾಸ್‌ಪೋರ್ಟ್ ತಪಾಸಿಸುವವರು ನಿಜಕ್ಕೂ ‘ಷ್ಟಾಸಿ’ಯವರು, ಅಂದರೆ ರಾಜ್ಯಭದ್ರತಾ ಸಚಿವಾಲಯದ ಗುಪ್ತಚರ ಸಿಬ್ಬಂದಿ. ಚಿತ್ರಕ್ಕೂ ಮುಖಕ್ಕೂ ತಾಳೆ ನೋಡಲು ಕಿವಿ ಕಾಣುವಂತೆ ಕೂದಲು ಸರಿಸಲು ಹೇಳುವುದು ಅವರ ರೂಢಿಯಾಗಿತ್ತು.

1972ರಲ್ಲಿ ಜಾರಿಗೆ ಬಂದ ಟ್ರಾನ್ಸಿಟ್ ಒಪ್ಪಂದವು, ಸಕಾರಣ ಸಂಶಯವಿಲ್ಲದೆ ಹಾದುಹೋಗುವವರ ಸಾಮಾನು ಬಿಚ್ಚಿಸುವುದನ್ನು ತಡೆದು ಈ ಪಯಣವನ್ನು ಬಹಳಷ್ಟು ಹಗುರಗೊಳಿಸಿತು. ಆದರೆ ಒಳಗೆ ಅಡಗಿ ಪರಾರಿಯಾಗುವವರನ್ನು ಪತ್ತೆಹಚ್ಚಲು ಪೂರ್ವ ಜರ್ಮನಿಯು ಮುಂದೆ ವಾಹನಗಳ ಮೇಲೆ ಯಾರಿಗೂ ತಿಳಿಸದೆ ಗಾಮಾ ಕಿರಣಗಳನ್ನು, ಎಂದರೆ ದೇಹವನ್ನು ತೂರಿಹೋಗಬಲ್ಲ ವಿಕಿರಣವನ್ನು, ಹಾಯಿಸತೊಡಗಿತು. ಹಿಂದಿನ ಸೀಟಿನ ಮಕ್ಕಳ ಮೂಲಕವೂ ಅದು ಹಾದುಹೋಗಿತ್ತೆಂಬುದು ಬಹಿರಂಗವಾದದ್ದು ಬರ್ಲಿನ್ ಗೋಡೆ ಬಿದ್ದ ಮೇಲೆ. ಪ್ರಮಾಣ ಎಷ್ಟೇ ಅಲ್ಪವಾಗಿದ್ದರೂ ಕ್ಷಮಿಸಲಾಗದ ಕೃತ್ಯವಿದು.

ಪೂರ್ವದಲ್ಲಿದ್ದ ಅಜ್ಜ ಅಜ್ಜಿಯರನ್ನು ಕಾಣಲು ಹೋಗುವವರಿಗೆ ಟ್ರಾನ್ಸಿಟ್ ಒಪ್ಪಂದದ ರಿಯಾಯಿತಿಯೂ ಇರಲಿಲ್ಲ. ಅವರ ಕಾರಿನ ಸೀಟು ಎತ್ತಿಸಿ, ಅಡಿಗೆ ಕನ್ನಡಿ ತಳ್ಳಿ ನೋಡುತ್ತಿದ್ದರು. ಪಶ್ಚಿಮದ ಪತ್ರಿಕೆಗಳನ್ನು ಕಿತ್ತುಕೊಳ್ಳುತ್ತಿದ್ದರು. ಭೇಟಿಯ ಪ್ರತಿ ದಿನಕ್ಕೂ ಇಂತಿಷ್ಟು ಪಶ್ಚಿಮದ ಹಣವನ್ನು ಪೂರ್ವದ ಹಣಕ್ಕೆ ಕಡ್ಡಾಯವಾಗಿ ಬದಲಿಸಿಕೊಳ್ಳಬೇಕಿದ್ದು, 1980ರಲ್ಲಿ ಅದನ್ನು ವಯಸ್ಕರಿಗೆ 25 ಮಾರ್ಕ್‌ಗೆ ಏರಿಸಿದ್ದಲ್ಲದೆ ಶಾಲೆಗೆ ಹೋಗುವ ಮಕ್ಕಳ ಮೇಲೂ ಹೇರಲಾಯಿತು. ಮಕ್ಕಳ ಮಟ್ಟಿಗೆ ಅದು ರದ್ದಾದದ್ದು 1983ರಲ್ಲಿ.

ಮರಳುವ ಹೊತ್ತು ಇನ್ನೂ ಕಠಿಣವಾಗಿತ್ತು. ಬರ್ಲಿನ್‌ನ ಫ್ರೀಡ್ರಿಷ್‌ಷ್ಟ್ರಾಸ ರೈಲುನಿಲ್ದಾಣದ ಪಕ್ಕದಲ್ಲಿ 1962ರಲ್ಲಿ ಕಟ್ಟಿದ ನಿರ್ಗಮನ ಭವನಕ್ಕೆ ಜನರೇ ‘ಕಣ್ಣೀರಿನ ಅರಮನೆ’ ಎಂದು ಹೆಸರಿಟ್ಟರು. ಬೀಳ್ಕೊಡಲು ಬಂದ ಪೂರ್ವದ ನೆಂಟರು ಬಾಗಿಲಿನಾಚೆಯೇ ಉಳಿಯಬೇಕಿತ್ತು. ಮಕ್ಕಳಾದರೋ ಕೈಹಿಡಿದವರ ಜೊತೆ ಒಳನಡೆದು, ಒಬ್ಬೊಬ್ಬರೇ ಹಾಯುವಷ್ಟು ಕಿರಿದಾದ ತಪಾಸಣಾ ಗೂಡಿನ ಮುಂದೆ ನಿಲ್ಲುತ್ತಿದ್ದರು. 2011ರಿಂದ ವಸ್ತುಸಂಗ್ರಹಾಲಯವಾಗಿರುವ ಆ ಭವನದಲ್ಲಿ ಅಂಥ ಗೂಡೊಂದನ್ನು ಹಾಗೆಯೇ ಉಳಿಸಿಕೊಳ್ಳಲಾಗಿದ್ದು, ಒಮ್ಮೆ ಅಲ್ಲಿ ನಿಂತಿದ್ದ ಮಕ್ಕಳು ಈಗ ತಮ್ಮ ಮಕ್ಕಳೊಂದಿಗೆ ಅದರ ಮೂಲಕ ನಡೆದುಹೋಗಬಹುದು.