ಸೂಟಿ ತಗೊಂಡ್ರ ಪಗಾರ ಯಾಕ್ರಿ ಕಟ್ ಆಗ್ಬೇಕು?

ಹುಬ್ಬಳ್ಳಿ ಮಂದಿಗೆ ರಜೆ ಅಂದ್ರೆ ಸೂಟಿ, ಸಂಬಳ ಅಂದ್ರೆ ಪಗಾರ. ಇವೆರಡೂ ಒಂದೇ ಮಾತಿನಲ್ಲಿ ಬಂದರೆ ನಡುವೆ ‘ಕಟ್’ ಅನ್ನೋ ಮೂರನೇ ಶಬ್ದ ತಾನಾಗೇ ಬಂದು ಕೂರುತ್ತೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ನನ್ನ ರಜೆ ಎಷ್ಟು ಉಳಿದಿದೆ ಅಂತ ಕಂಪನಿಯ ಪೋರ್ಟಲ್‌ನಲ್ಲಿ ದಶಮಾಂಶದ ಸಮೇತ ಕಾಣುತ್ತೆ. ನಮ್ಮ ಅತ್ತಿಗೆ ದುರ್ಗದಬೈಲ್‌ನ ಒಂದು ಸೀರೆ ಅಂಗಡಿಯಲ್ಲಿ ಆರು ವರ್ಷದಿಂದ ಇದ್ದಾರೆ. ಕಳೆದ ಮಳೆಗಾಲದಲ್ಲಿ ಮಗನಿಗೆ ಜ್ವರ ಬಂದು ನಾಲ್ಕು ದಿನ ಕೆಲಸಕ್ಕೆ ಹೋಗಲಿಲ್ಲ. ತಿಂಗಳ ಕೊನೆಗೆ 2,400 ರೂಪಾಯಿ ಕಡಿಮೆ ಬಂತು. “ಸೂಟಿ ಕೊಟ್ಟಾರಲ್ಲ, ಅಷ್ಟ ಸಾಕ್ ಬಿಡಪಾ” ಅಂದರು. ನಿದ್ದೆ ಬರಲಿಲ್ಲ ಅಂದರೆ ಅತಿಯಾದೀತು. ಆದರೆ ಕಾಯ್ದೆ ತೆಗೆದು ಓದುವಷ್ಟು ಕಿರಿಕಿರಿ ಆಯ್ತು.

ಓದಿದಾಗ ಗೊತ್ತಾದ ಮಜಾ ಸಂಗತಿ ಏನಂದ್ರೆ, ನನ್ನ ಎ.ಸಿ. ಆಫೀಸಿಗೂ ಅತ್ತಿಗೆಯ ಸೀರೆ ಅಂಗಡಿಗೂ ಒಂದೇ ಕಾಯ್ದೆ. ಅದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು. ವಾರಕ್ಕೊಂದು ದಿನ ಪೂರ್ತಿ ರಜೆ, ಅದಕ್ಕಾಗಿ ಪಗಾರ ಮುರಿಯುವಂತಿಲ್ಲ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ. ಇದರ ಮೇಲೆ ವರ್ಷಕ್ಕೆ 12 ದಿನ, ಕಾಯಿಲೆಗೆ, ಅಪಘಾತಕ್ಕೆ ಅಥವಾ ಬೇರೆ ಯಾವುದಾದರೂ ನ್ಯಾಯವಾದ ಕಾರಣಕ್ಕೆ. ಮಗನ ಜ್ವರಕ್ಕಿಂತ ನ್ಯಾಯವಾದ ಕಾರಣ ಇನ್ಯಾವುದು ಬೇಕ್ರಿ?

ಇನ್ನೊಂದು ಕಾಯ್ದೆ 1963ರದ್ದು, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ ಸಂಬಂಧಿಸಿದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಮತ್ತೆ ನಮ್ಮ ರಾಜ್ಯೋತ್ಸವ ನವೆಂಬರ್ 1. ಇವು ಐದು ಖಾಯಂ. ಹಬ್ಬಕ್ಕೆ ಅಂತ ಇನ್ನೂ ಐದು. ಒಟ್ಟು ಹತ್ತು ದಿನ, ಪಗಾರ ಸಹಿತ.

ಈಗ ಲೆಕ್ಕ ಹಾಕೋಣ, ಅದು ನನ್ನ ಹೊಟ್ಟೆಪಾಡಿನ ಕೆಲಸವೂ ಹೌದು. ವರ್ಷದ 365 ದಿನದಲ್ಲಿ ವಾರದ ರಜೆ 52, ಹಬ್ಬದ ರಜೆ 10 ಕಳೆದರೆ 303 ದಿನ. ಅದನ್ನು 20ರಿಂದ ಭಾಗಿಸಿದರೆ ಹೆಚ್ಚುಕಡಿಮೆ 15 ದಿನ ಗಳಿಕೆ ರಜೆ. 12 ಸೇರಿಸಿದರೆ 27. ಅತ್ತಿಗೆಯ ಪಗಾರ 15,600. ತಿಂಗಳಿಗೆ 26 ಕೆಲಸದ ದಿನ ಅಂತ ಹಿಡಿದರೆ ದಿನಕ್ಕೆ 600. ಇಪ್ಪತ್ತೇಳು ಆರುನೂರಲೆ 16,200 ರೂಪಾಯಿ, ಅಂದ್ರೆ ಒಂದು ತಿಂಗಳ ಪಗಾರಕ್ಕಿಂತ ಜಾಸ್ತಿ! ಆರು ವರ್ಷದ ಲೆಕ್ಕ ನಾನು ಅತ್ತಿಗೆ ಮುಂದೆ ಹಾಕಲಿಲ್ಲ, ನೀವೇ ಹಾಕಿಕೊಳ್ಳಿ.

“ದೀಪಾವಳಿಗೆ ಅಂಗಡಿ ಬಾಗಿಲು ಹಾಕಂತೀಯೇನು?” ಅಂತ ಅಣ್ಣ ಕೇಳಿದ. ಪ್ರಶ್ನೆ ಸರಿಯಾದದ್ದೇ. ದಸರಾ, ದೀಪಾವಳಿ ಬಂತಂದ್ರೆ ಬ್ರಾಡ್‌ವೇಯಿಂದ ದುರ್ಗದಬೈಲ್‌ವರೆಗೆ ಕಾಲಿಡಲು ಜಾಗ ಇರೋದಿಲ್ಲ. ಊರಿಗೆಲ್ಲ ಹಬ್ಬ, ಅಂಗಡಿ ಹೆಣ್ಣುಮಕ್ಕಳಿಗೆ ಮಾತ್ರ ಸೀರೆ ಬಿಚ್ಚಿ ತೋರಿಸೋದು, ಮಡಿಚಿ ಇಡೋದು. ಕಾಯ್ದೆ ಇದನ್ನು ತಿಳಿದೇ ಬರೆದ ಹಾಗಿದೆ. ರಜೆಯ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಪಗಾರ ಕೊಡಬೇಕು, ಇಲ್ಲವೇ ಆ ದಿನದ ಪಗಾರದ ಜೊತೆಗೆ ಬೇರೆ ಒಂದು ದಿನ ಪಗಾರ ಸಹಿತ ರಜೆ ಕೊಡಬೇಕು. ತಿಂಗಳ ಪಗಾರದವರಿಗೆ ಒಂದು ಪಾಲು ಅದರಲ್ಲೇ ಸೇರಿರುತ್ತೆ, ಹೀಗಾಗಿ ಅತ್ತಿಗೆಗೆ ಹೆಚ್ಚಿಗೆ ಬರಬೇಕಾದ್ದು 600. ಚಹಾ-ಚೂಡಾ ತರಿಸಿಕೊಟ್ಟರೆ ಲೆಕ್ಕ ಚುಕ್ತಾ ಆಗೋದಿಲ್ಲ.

ಮಾಲೀಕರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಅತ್ತಿಗೆಯ ಮಾಲೀಕರು ಮಗನ ಶಾಲೆ ಫೀ ತುಂಬಲು ಮುಂಗಡ ಕೊಟ್ಟವರು. ಆದರೆ ಮುಂಗಡ ಉಪಕಾರ, ಗಳಿಕೆ ರಜೆ ಗಳಿಕೆ. ಎರಡನ್ನೂ ಒಂದೇ ವಹಿಯಲ್ಲಿ ಬರೆದಾಗಲೇ ಗೊಂದಲ ಶುರು. ಸಂಜೆ ಬೈಲಿನಲ್ಲಿ ಗಿರಮಿಟ್ ಬಂಡಿ ಹಚ್ಚುವವರಿಗೆ ಪಗಾರ ಸಹಿತ ರಜೆ ಅನ್ನೋದೇ ಇಲ್ಲ, ಅವರೇ ಮಾಲೀಕರು, ಅವರೇ ಆಳು. ಅವರ ಕಥೆ ಬೇರೆ.

ನಿಮ್ಮ ಮನೆಯಲ್ಲೂ ಯಾರಾದರೂ ಅಂಗಡಿ ಕೆಲಸಕ್ಕೆ ಹೋಗ್ತಿದ್ದರೆ ಮೊದಲು ನೇಮಕಾತಿ ಪತ್ರ ಕೊಟ್ಟಿದ್ದಾರಾ ಕೇಳಿ. ಕೊಡಬೇಕು ಅಂತ ಇದೇ 1961ರ ಕಾಯ್ದೆ ಹೇಳುತ್ತೆ. ಪಗಾರ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ, ಕಾರ್ಮಿಕರಿಗೇ ಕಾಯಿಲೆಯಾದಾಗ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಪಗಾರದ ನೂರಕ್ಕೆ 70ರಷ್ಟು ಸಿಗುತ್ತೆ. ಮತದಾನದ ದಿನವಂತೂ ದಿನಗೂಲಿಯವರಿಗೂ ಪಗಾರ ಸಹಿತ ರಜೆ. ಕೆಲಸ ಬಿಡುವಾಗ ಉಳಿದ ಗಳಿಕೆ ರಜೆಯ ಹಣ ಕೇಳೋದನ್ನೂ ಮರೀಬೇಡಿ. ಕಾರ್ಮಿಕ ನಿರೀಕ್ಷಕರ ಹತ್ತಿರ ಹೋಗೋದು ಕೊನೆಯ ದಾರಿ. ಅಲ್ಲಿಗೆ ಹೋಗಲಿ, ಮಾಲೀಕರ ಮುಂದೆ ಕೂರಲಿ, ಕೈಯಲ್ಲಿ ದಿನಗಳ ಲೆಕ್ಕ ಇಲ್ಲದಿದ್ದರೆ ಮಾತು ಮುಂದೆ ಹೋಗೋದಿಲ್ಲ.

ಅತ್ತಿಗೆಗೆ ನಾನು ಮೊಬೈಲಿನಲ್ಲಿ ಹಾಜರಿ ಬರೆಯೋ ಆ್ಯಪ್ ಹಾಕಿಕೊಟ್ಟೆ. ಎರಡು ದಿನ ನೋಡಿ ಬಿಟ್ಟರು. ಈಗ ಹಾಲಿನವ ಬರದ ದಿನಕ್ಕೆ ಗೀಟು ಎಳೆಯೋ ಅಡುಗೆಮನೆ ಕ್ಯಾಲೆಂಡರಿನಲ್ಲೇ, ಕೆಲಸಕ್ಕೆ ಹೋದ ದಿನಕ್ಕೆ ಕೆಂಪು ಪೆನ್ನಿನ ಚುಕ್ಕಿ ಇಡ್ತಾರೆ. ಪ್ರತಿ ಇಪ್ಪತ್ತನೇ ಚುಕ್ಕಿಗೆ ಒಂದು ಸುತ್ತು. ದಸರಾ ಗದ್ದಲ ಶುರುವಾಗೋಕೆ ಮುಂಚೆ ಆ ಹಾಳೆಗಳ ಫೋಟೋ ಹಿಡಿದು ಮಾಲೀಕರ ಹತ್ತಿರ ಮಾತಾಡ್ತಾರಂತೆ. ನಾನು ಜೊತೆಗೆ ಬರೋದು ಬೇಡ ಅಂದಿದ್ದಾರೆ.